ವಾರ್ಡ್ ಇಟ್ಟವನ ಲೆಕ್ಕ

ಡೋಟಾ ಆಡುವವರಿಗೆಲ್ಲ ಈ ಮಾತು ಗೊತ್ತು. ಆಟ ಶುರುವಾಗಿ ಹತ್ತು ನಿಮಿಷ ಆಗಿರಲ್ಲ, ನಮ್ಮ ಕಡೆಯವನೊಬ್ಬ ಎರಡನೇ ಸಲ ಸತ್ತಿರುತ್ತಾನೆ. ತಕ್ಷಣ ಮೈಕ್ ಆನ್ ಆಗುತ್ತೆ. "ಸಪೋರ್ಟ್, ವಾರ್ಡ್ ಎಲ್ಲಪ್ಪಾ?"

ವಾರ್ಡ್ ಇರುತ್ತೆ. ಬಹಳ ಸಲ ಅವನು ಸತ್ತ ಜಾಗದಲ್ಲೇ ಇರುತ್ತೆ. ಎದುರಾಳಿಗಳು ಮೂವರು ಬರುತ್ತಿದ್ದದ್ದು ನಕ್ಷೆಯ ಮೇಲೆ ಕೆಂಪು ಚುಕ್ಕೆಗಳಾಗಿ ಕಂಡಿರುತ್ತೆ. ಅವನು ನೋಡಿರಲ್ಲ, ಅಷ್ಟೇ. ಆದರೂ ಪ್ರಶ್ನೆ ಬರೋದು ನನಗೇ. ಅದೇ ವಾರ್ಡ್ ನೋಡಿ ಅವನು ಹಿಂದೆ ಸರಿದು ಬದುಕಿದ್ದರೆ? ಆಗ ಯಾರೂ ಏನೂ ಕೇಳಲ್ಲ. ಏನೂ ಆಗಿಲ್ಲವಲ್ಲ, ಕೇಳೋಕೆ ಏನಿದೆ?

ಈ 'ಏನೂ ಆಗಿಲ್ಲ' ಅನ್ನುವುದರ ಬಗ್ಗೆಯೇ ಇವತ್ತು ಬರೆಯಬೇಕು ಅಂತಿದ್ದೇನೆ. ಸಪೋರ್ಟ್ ಆಟಗಾರನಾಗಿ ಉತ್ತಮವಾಗುವುದು ಹೇಗೆ ಅಂತ ಕೇಳಿದರೆ ಸಾವಿರ ಜನ ಸಾವಿರ ಸಲಹೆ ಕೊಡುತ್ತಾರೆ. ನನಗೆ ಅವುಗಳಲ್ಲಿ ಮುಕ್ಕಾಲು ಪಾಲಿನ ಮೇಲೆ ತಕರಾರಿದೆ. ಆಟದ ಮೇಲೂ ಒಂದು ತಕರಾರಿದೆ. ಕೊನೆಗೆ ನನ್ನ ಮೇಲೂ ಒಂದಿದೆ.

ಆಡದವರಿಗೆ ಎರಡು ಮಾತು. ಡೋಟಾ 2 ವಾಲ್ವ್ ಕಂಪನಿ 2013ರಲ್ಲಿ ಬಿಡುಗಡೆ ಮಾಡಿದ ಆಟ. ಅದಕ್ಕೂ ಮೊದಲು 'ವಾರ್‌ಕ್ರಾಫ್ಟ್ 3' ಆಟದ ಮೇಲೆ ಅಭಿಮಾನಿಗಳೇ ಕಟ್ಟಿಕೊಂಡಿದ್ದ ಹಳೇ ಡೋಟಾ ಇತ್ತು. ಹಾಸನದಲ್ಲಿ ಬಿಇ ಓದುವಾಗ ಹಾಸ್ಟೆಲ್ಲಿನ ಲ್ಯಾನ್‌ನಲ್ಲಿ ನಾವು ಆಡುತ್ತಿದ್ದದ್ದು ಅದನ್ನು. ತಲಾ ಐದು ಜನರ ಎರಡು ತಂಡ. ನಕ್ಷೆಯ ಎರಡು ಮೂಲೆಯಲ್ಲಿ ಎರಡು ಕೋಟೆ, ನಡುವೆ ಮೂರು ದಾರಿ, ದಾರಿಗಳ ನಡುವೆ ಕಾಡು. ಎದುರಾಳಿಯ ಕೋಟೆಯೊಳಗಿನ 'ಏನ್ಷಂಟ್' ಅನ್ನುವ ಕಟ್ಟಡ ಒಡೆದವರು ಗೆದ್ದರು. ಇದು ಹುಡುಗಾಟ ಅನ್ನುವವರಿಗೆ ಒಂದು ಮಾಹಿತಿ: 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಕಾಮನ್‌ವೆಲ್ತ್ ಇಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಡೋಟಾ ತಂಡ ಕಂಚು ಗೆದ್ದಿತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದು ಪದಕದ ಆಟವೇ ಆಗಿತ್ತು.

ನಕ್ಷೆಯಲ್ಲಿ ನಿಮ್ಮ ತಂಡದವರ ಕಣ್ಣಿಗೆ ಬೀಳದ ಜಾಗವೆಲ್ಲ ಮಂಜು. ಜುಲೈ ತಿಂಗಳಲ್ಲಿ ದೋಣಿಗಾಲ್ ಹತ್ತಿರ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತಡಿ ಮುಂದೆ ಲಾರಿ ಇದೆಯೋ ಇಲ್ಲವೋ, ಹತ್ತಡಿ ಹತ್ತಿರ ಹೋದಮೇಲೇ ಗೊತ್ತಾಗೋದು. ಈ ಮಂಜಿನಲ್ಲಿ ಕಣ್ಣು ನೆಡುವ ಸಾಧನವೇ ವಾರ್ಡ್. ಒಂದು ಚಿಕ್ಕ ಗೂಟ. ನೆಟ್ಟರೆ 6 ನಿಮಿಷ ಸುತ್ತಲಿನ ಜಾಗ ನಮ್ಮ ತಂಡಕ್ಕೆಲ್ಲ ಕಾಣುತ್ತೆ.

ಇನ್ನು ದುಡ್ಡಿನ ವಿಚಾರ. ದಾರಿಯಲ್ಲಿ ಸಾಲಾಗಿ ಬರುವ ಪುಟ್ಟ ಸೈನಿಕರಿಗೆ ಕೊನೇ ಏಟು ಕೊಟ್ಟವನಿಗೆ ಚಿನ್ನ. ಆ ಚಿನ್ನದಲ್ಲಿ ಕತ್ತಿ, ಗುರಾಣಿ, ಶಕ್ತಿ. ಎಲ್ಲರಿಗೂ ಸಾಲುವಷ್ಟು ಚಿನ್ನ ನಕ್ಷೆಯಲ್ಲಿ ಇಲ್ಲ. ಹಾಗಾಗಿ ತಂಡದೊಳಗೆ ಒಂದರಿಂದ ಐದರವರೆಗೆ ಸ್ಥಾನ. ಒಂದನೇ ಸ್ಥಾನದವನು 'ಕ್ಯಾರಿ'. ಬೆಳೆದಮೇಲೆ ತಂಡವನ್ನು ಹೊತ್ತು ನಡೆಯುವವನು, ಆದ್ದರಿಂದ ಮೊದಲ ಊಟ ಅವನಿಗೆ. ನಾಲ್ಕು ಮತ್ತು ಐದನೇ ಸ್ಥಾನದವರು ಸಪೋರ್ಟ್. ಐದನೆಯವನಿಗೆ ತಳದಲ್ಲಿ ಉಳಿದದ್ದು. ತಂಗಿಯ ಮದುವೆ ಆಗಲಿ, ತಮ್ಮನ ಓದು ಮುಗಿಯಲಿ ಅಂತ ಸ್ವಂತದ್ದನ್ನು ಮುಂದೂಡುವ ಅಣ್ಣಂದಿರನ್ನು ನಾವು ನೋಡಿಲ್ಲವೇ, ಹಾಗೆ.

ನಾನು ಐದನೇ ಸ್ಥಾನಕ್ಕೆ ಬಂದದ್ದು ದೊಡ್ಡ ಮನಸ್ಸಿನಿಂದ ಅಲ್ಲ. ನೆಟ್‌ವರ್ಕ್‌ನಿಂದ. 2020ರಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ಹೆಗ್ಗದ್ದೆಗೆ ಬಂದೆ. ಕಿಟಕಿಯ ಸರಳಿಗೆ ರೂಟರ್ ಕಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿ ಕೆಲಸ ಮಾಡುತ್ತಿದ್ದೆ. ಬೆಂಗಳೂರಿನಲ್ಲಿ ಬೆರಳು ಒತ್ತಿದ ಕ್ಷಣಕ್ಕೇ ಏಟು ಬೀಳುತ್ತಿತ್ತು. ಊರಲ್ಲಿ ಬೆರಳು ಒತ್ತಿ, ಒಂದು ಉಸಿರು ಬಿಟ್ಟು, ಆಮೇಲೆ ಏಟು. ಅಷ್ಟರಲ್ಲಿ ಕೊನೇ ಏಟನ್ನು ಬೇರೆ ಯಾರೋ ಕೊಟ್ಟಿರುತ್ತಿದ್ದರು. ಮಳೆ ಶುರುವಾದಮೇಲಂತೂ ಆಟದ ಮಧ್ಯೆ ಕರೆಂಟ್ ಹೋಗಿ, ಐದು ನಿಮಿಷದೊಳಗೆ ವಾಪಸ್ ಸೇರಲಾಗದೆ, ಆಟ ಬಿಟ್ಟು ಓಡಿಹೋದವರ ಪಟ್ಟಿಗೆ ಸೇರಿ ಶಿಕ್ಷೆ ಅನುಭವಿಸಿದ್ದೂ ಉಂಟು. ಇಂಥ ಲೈನಿನಲ್ಲಿ ಕ್ಯಾರಿ ಆಡಿದರೆ ತಂಡದ ಉಳಿದ ನಾಲ್ವರಿಗೆ ಮೋಸ ಮಾಡಿದ ಹಾಗೆ. ಆದರೆ ವಾರ್ಡ್ ನೆಡುವುದಕ್ಕೆ ಅರ್ಧ ಸೆಕೆಂಡಿನ ಲೆಕ್ಕ ಇಲ್ಲ. ಹೀಗೆ ನಾನು ಸಪೋರ್ಟ್ ಆದೆ.

ಆಗಲೇ ಸಲಹೆಗಳನ್ನು ಓದಲು, ನೋಡಲು ಶುರು ಮಾಡಿದ್ದು. ಎಲ್ಲದರಲ್ಲೂ ಒಂದೇ ರಾಗ: ಸಪೋರ್ಟ್ ಅಂದರೆ ತ್ಯಾಗ. ನಿನ್ನ ಚಿನ್ನ ಬಿಡು, ನಿನ್ನ ಪ್ರಾಣ ಕೊಡು, ಕ್ಯಾರಿಯನ್ನು ಉಳಿಸು. ನಮ್ಮಂಥ ಹಳ್ಳಿ ಹುಡುಗರಿಗೆ ಇದು ತಕ್ಷಣ ಒಗ್ಗುತ್ತೆ. ತ್ಯಾಗದ ಕತೆ ಕೇಳಿಕೊಂಡೇ ಬೆಳೆದವರು ನಾವು. ಆರು ತಿಂಗಳು ಭಕ್ತಿಯಿಂದ ತ್ಯಾಗ ಮಾಡಿದೆ. ಕ್ಯಾರಿಗೆ ಏಟು ಬಿದ್ದರೆ ಓಡಿಹೋಗಿ ನಾನೂ ಸಾಯುತ್ತಿದ್ದೆ. ಪರಿಣಾಮ ಏನಪ್ಪಾ ಅಂದರೆ, ಆರ್ಕನ್ ಪದಕದಲ್ಲಿದ್ದವನು ಕೆಳಗಿಳಿದು ಕ್ರುಸೇಡರ್‌ಗೆ ಬಂದೆ.

ಸಿಟ್ಟು ಬಂದು ಸೋತ ಆಟಗಳ ರೀಪ್ಲೇ ಹಾಕಿ ಕೂತೆ. ಎಂಜಿನಿಯರ್ ಬುದ್ಧಿ, ಒಂದು ಎಕ್ಸೆಲ್ ಶೀಟೂ ತೆಗೆದೆ. ನಮ್ಮವನೊಬ್ಬ ಸತ್ತಾಗಲೆಲ್ಲ ಮೂರು ಕಾಲಂ: ಆ ಕ್ಷಣ ನಾನು ಎಲ್ಲಿದ್ದೆ? ಅದಕ್ಕೆ ಅರ್ಧ ನಿಮಿಷ ಮೊದಲು ನನಗೆ ಏನು ಗೊತ್ತಿತ್ತು? ಗೊತ್ತಿದ್ದದ್ದನ್ನು ಯಾರಿಗಾದರೂ ಹೇಳಿದೆನಾ?

ಮೊದಲ ಕಾಲಂ ನೋಡಿ ಖುಷಿಯಾಯಿತು. ಯಾವಾಗಲೂ ಹತ್ತಿರದಲ್ಲೇ ಇರುತ್ತಿದ್ದೆ. ಎರಡನೇ ಕಾಲಂನಲ್ಲಿ ಮುಖ ಸಣ್ಣದಾಯಿತು. ಬಹಳ ಸಲ ನನಗೆ ಗೊತ್ತಿತ್ತು: ಎದುರಾಳಿಗಳ ಮಿಡ್ ಆಟಗಾರ ಅರ್ಧ ನಿಮಿಷದಿಂದ ನಕ್ಷೆಯಲ್ಲಿ ಕಾಣುತ್ತಿಲ್ಲ ಅಂತ. ಮೂರನೇ ಕಾಲಂ ಪೂರ್ತಿ 'ಇಲ್ಲ', 'ಇಲ್ಲ', 'ಇಲ್ಲ'. ಅಂದರೆ ನನ್ನ ತ್ಯಾಗವೆಲ್ಲ ತಡವಾಗಿ ಎದ್ದವನ ಓಟ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಪ್ರಾಣ ಕೊಡುವ ಸಂದರ್ಭವೇ ಬರುತ್ತಿರಲಿಲ್ಲ.

ಸಪೋರ್ಟ್ ಆಟದ ಬಗ್ಗೆ ನನಗೆ ಅರ್ಥವಾದದ್ದು ಇಷ್ಟೇ. ಅದು ತ್ಯಾಗ ಅಲ್ಲ. ಉಳಿದವರಿಗಿಂತ ಅರ್ಧ ನಿಮಿಷ ಮೊದಲು ತಿಳಿದುಕೊಳ್ಳುವುದು, ತಿಳಿದದ್ದನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು. ಸಾಯುವುದು ಅದರ ಭಾಗವಲ್ಲ. ಸತ್ತ ಸಪೋರ್ಟ್ ಆ ಹೊತ್ತಿಗೆ ವಾರ್ಡೂ ಇಡಲಾರ, ಗೆಳೆಯನನ್ನೂ ಕಾಯಲಾರ. ಡ್ಯಾಜಲ್ ಅನ್ನುವ ಹೀರೋಗೆ, ಸಾಯುತ್ತಿರುವವನನ್ನು ಕೆಲವು ಸೆಕೆಂಡು ಸಾಯದಂತೆ ಹಿಡಿದಿಡುವ ಮಂತ್ರ ಇದೆ. ಅದನ್ನು ಹಾಕಬೇಕಾದರೆ ಡ್ಯಾಜಲ್ ಮೊದಲು ಬದುಕಿರಬೇಕು!

ಎರಡನೆಯದು ವಾರ್ಡ್ ಇಡುವ ರೀತಿ. ಎಲ್ಲ ಮಾರ್ಗದರ್ಶಿಗಳೂ ಜಾಗದ ಪಟ್ಟಿ ಕೊಡುತ್ತವೆ. ಈ ದಿಬ್ಬದ ಮೇಲೆ ಒಂದು, ಆ ನದಿಯ ತಿರುವಿನಲ್ಲಿ ಒಂದು. ಅದೇ ಪಟ್ಟಿಯನ್ನು ಎದುರಾಳಿಯೂ ಓದಿರುತ್ತಾನೆ ಅನ್ನುವುದನ್ನು ಮರೆಯುತ್ತೇವೆ. ಅವನು ಸೀದಾ ಬಂದು, ಅಡಗಿದ್ದನ್ನು ತೋರಿಸುವ ಸೆಂಟ್ರಿ ನೆಟ್ಟು, ನಮ್ಮ ವಾರ್ಡ್ ಒಡೆದು, ಅದಕ್ಕೂ ಚಿನ್ನ ತೆಗೆದುಕೊಂಡು ಹೋಗುತ್ತಾನೆ. ವಾರ್ಡ್ ಎಲ್ಲಿ ಇಡಬೇಕು ಅನ್ನುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ: ಇನ್ನೆರಡು ನಿಮಿಷದಲ್ಲಿ ನಾವು ಏನು ಮಾಡಬೇಕಂತಿದ್ದೇವೆ? ಮೇಲಿನ ದಾರಿಯ ಗೋಪುರ ಹೊಡೆಯುವುದಾದರೆ, ಅದನ್ನು ಕಾಯಲು ಬರುವವರು ಯಾವ ಕಡೆಯಿಂದ ಬರುತ್ತಾರೆ? ಅಲ್ಲಿ ಕಣ್ಣು ಬೇಕು. ನಾವು ಸೋಲುತ್ತಿದ್ದೇವೆ, ನಮ್ಮ ಕ್ಯಾರಿ ನಮ್ಮದೇ ಕಾಡಿನಲ್ಲಿ ಹೊಟ್ಟೆ ಹೊರೆಯುತ್ತಿದ್ದಾನೆ ಅಂದರೆ, ಎದುರಾಳಿಯ ಬಾಗಿಲಲ್ಲಿ ವಾರ್ಡ್ ಇಟ್ಟು ಪ್ರಯೋಜನ ಇಲ್ಲ. ನಮ್ಮ ಹಿತ್ತಿಲ ದಾರಿಯಲ್ಲಿ ಇಡಬೇಕು.

ಇದನ್ನು ನನಗೆ ಯಾವ ಯೂಟ್ಯೂಬ್ ವಿಡಿಯೋನೂ ಕಲಿಸಲಿಲ್ಲ. ನಮ್ಮೂರ ಕಡೆ ಆನೆ ಕಾಯುವವರು ಕಲಿಸಿದರು.

ಸಕಲೇಶಪುರ, ಆಲೂರು ಕಡೆಯವರಿಗೆ ಆನೆ ಅಂದರೆ ಪ್ರತಿದಿನದ ಹವಾಮಾನ ಇದ್ದ ಹಾಗೆ. ಕಾಫಿ ತೋಟ, ನಡುನಡುವೆ ಗದ್ದೆ, ಅಲ್ಲಲ್ಲಿ ತುಂಡು ಕಾಡು. ಆನೆಗಳಿಗೆ ಹಗಲು ತೋಟದ ನೆರಳು, ರಾತ್ರಿ ಗದ್ದೆಯ ಭತ್ತ. ಅವುಗಳಿಗೆ ಹೆಸರೂ ಇದೆ: ಭೀಮ, ಬೀಟಮ್ಮನ ಗುಂಪು. ಅರಣ್ಯ ಇಲಾಖೆಯ ಸಿಬ್ಬಂದಿ ರಾತ್ರಿ ಬೆಳಗು ಇವುಗಳ ಜಾಡು ಹಿಡಿದು, 'ಇಂಥ ಎಸ್ಟೇಟಿನಲ್ಲಿ ಇಷ್ಟು ಆನೆಗಳಿವೆ, ಕೆಲಸಕ್ಕೆ ಹೋಗುವವರು ಎಚ್ಚರಿಕೆ' ಅಂತ ಮೊಬೈಲಿಗೆ ಸಂದೇಶ ಹಾಕುತ್ತಾರೆ. ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರ್ ಕೂಡ ಇದೆ. ಜಾಡು ನೋಡುವ ಹುಡುಗನೊಬ್ಬನನ್ನು ಒಮ್ಮೆ ಕೇಳಿದ್ದೆ, "ನಿಂಗೆ ಹೆಂಗೋ ಗೊತ್ತಾಗುತ್ತೆ ಎಲ್ಲವೆ ಅಂತ?" ಅವನು, "ಎಲ್ಲವೆ ಅಂತ ಹುಡುಕಾಕೆ ಹೋಗಲ್ಲ ಅಣ್ಣ. ಯಾವ ಗದ್ದೆ ಹಣ್ಣಾಗೈತೆ, ಎಲ್ಲಿ ಹಲಸು ಬಿದ್ದೈತೆ ನೋಡ್ತೀನಿ. ಅಲ್ಲಿಗೇ ಬರ್ಬೇಕಲ್ಲ" ಅಂದ. ಆವತ್ತಿನಿಂದ ವಾರ್ಡ್ ಜಾಗದ ಪಟ್ಟಿ ಬಿಟ್ಟೆ. ಹಲಸು ಎಲ್ಲಿ ಬಿದ್ದಿದೆ ನೋಡತೊಡಗಿದೆ. ವರ್ಷದೊಳಗೆ ಆರ್ಕನ್ ದಾಟಿ ಲೆಜೆಂಡ್‌ಗೆ ಬಂದೆ. ಮಹಾ ಸಾಧನೆ ಏನಲ್ಲ, ಆದರೆ ಆ ಕಿಟಕಿ ರೂಟರಿಗೆ ಅದೇ ದೊಡ್ಡದು.

ಸಪೋರ್ಟ್ ಅಂದರೆ ಕೈಲಾಗದವನ ಜಾಗ ಅನ್ನುವ ಮಾತೂ ಇದೆ. ಯೋಹಾನ್ ಸುಂಡ್‌ಸ್ಟೈನ್ ಅನ್ನುವ ಡೆನ್ಮಾರ್ಕ್ ಆಟಗಾರನನ್ನು ನೋಡಿ. ಆಟದ ಲೋಕದಲ್ಲಿ ಅವನ ಹೆಸರು ನೋಟೇಲ್. ಒಜಿ ತಂಡದಲ್ಲಿ ಅವನು ಮೊದಲು ಕ್ಯಾರಿ. 2018ರಲ್ಲಿ ತಂಡ ಒಡೆದು, ಆವರೆಗೆ ಐದನೇ ಸ್ಥಾನದಲ್ಲಿದ್ದ ನಾಯಕನೇ ಬಿಟ್ಟುಹೋದಾಗ, ಆ ಖಾಲಿ ಜಾಗಕ್ಕೆ ನೋಟೇಲ್ ಇಳಿದ. ಮುಕ್ತ ಅರ್ಹತಾ ಸುತ್ತಿನಿಂದ ಒದ್ದಾಡಿಕೊಂಡು ಬಂದ ಆ ತಂಡ ಅದೇ ವರ್ಷ ವ್ಯಾಂಕೂವರ್‌ನಲ್ಲಿ 'ದಿ ಇಂಟರ್‌ನ್ಯಾಷನಲ್' ಗೆದ್ದಿತು. ಅದು ಡೋಟಾದ ವಿಶ್ವಕಪ್ ಇದ್ದ ಹಾಗೆ. ಮರುವರ್ಷ ಶಾಂಘೈನಲ್ಲಿ ಮತ್ತೆ ಗೆದ್ದಿತು. ಎರಡು ಸಲ ಗೆದ್ದ ಮೊದಲ ತಂಡ ಅದು. ನಾಯಕ ಐದನೇ ಸ್ಥಾನದಲ್ಲಿ, ಅತಿ ಕಡಿಮೆ ಚಿನ್ನದಲ್ಲಿ. ಅವನು ಇಳಿದದ್ದು ತ್ಯಾಗ ಅಂತ ಹೇಳಬಹುದು. ನನಗೆ ಹಾಗನ್ನಿಸಲ್ಲ. ಆ ಜಾಗದಿಂದ ಇಡೀ ಆಟ ಕಾಣುತ್ತೆ ಅನ್ನುವುದು ಅವನಿಗೆ ಗೊತ್ತಿತ್ತು.

ನಮ್ಮ ದಸರೆಯಲ್ಲೂ ಇದೇ ಇದೆ. ಕ್ಯಾರಿ ಅಂದರೆ ಹೊರುವವನು ಅಂತ ಹೇಳಿದೆನಲ್ಲ, ನಮ್ಮಲ್ಲಿ ಅಂಬಾರಿ ಆನೆಗಿಂತ ದೊಡ್ಡ ಕ್ಯಾರಿ ಯಾರಿದ್ದಾರೆ? 750 ಕೆಜಿ ತೂಕದ ಅಂಬಾರಿ. ಟಿವಿ ಕ್ಯಾಮೆರಾ ಎಲ್ಲ ಅದರ ಮೇಲೆ. ಎರಡೂ ಪಕ್ಕದಲ್ಲಿ ಹೆಜ್ಜೆಗೆ ಹೆಜ್ಜೆ ಹಾಕುವ ಕುಮ್ಕಿ ಆನೆಗಳ ಹೆಸರು ಎಷ್ಟು ಜನಕ್ಕೆ ಗೊತ್ತು? 2020ರಿಂದ ಅಂಬಾರಿ ಹೊತ್ತ ಅಭಿಮನ್ಯು ಅದಕ್ಕೂ ಮೊದಲು ಮೆರವಣಿಗೆಯಲ್ಲಿ ವಾದ್ಯದವರ ಗಾಡಿ ಎಳೆಯುತ್ತಿದ್ದ, ಕಾಡಾನೆ ಹಿಡಿಯುವ ಕೆಲಸದಲ್ಲಿ ವರ್ಷಗಟ್ಟಲೆ ದುಡಿದಿದ್ದ. ಇನ್ನು ಅರ್ಜುನ. ಎಂಟು ಸಲ ಅಂಬಾರಿ ಹೊತ್ತವನು. 2023ರ ಡಿಸೆಂಬರ್ 4ರಂದು ನಮ್ಮದೇ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ಹೊತ್ತಿಗೆ ಒಂಟಿ ಸಲಗದ ಜೊತೆ ಸೆಣಸಿ ಸತ್ತ. ಅಂಬಾರಿ ಹೊತ್ತವನು ಕೊನೆಗೆ ಸತ್ತದ್ದು ಸಪೋರ್ಟ್ ಕೆಲಸದಲ್ಲಿ. ನಮ್ಮ ಕಡೆ ಜನ ಅತ್ತದ್ದನ್ನು ನಾನು ನೋಡಿದ್ದೇನೆ. ಆದರೆ ಅತ್ತವರು ಅಂಬಾರಿ ಹೊತ್ತ ಅರ್ಜುನನಿಗೆ ಅತ್ತರು. ಕಾಡಾನೆಗಳ ಜೊತೆ ಅವನು ಗೆದ್ದು ಬಂದ ದಿನಗಳು ಯಾರ ನೆನಪಲ್ಲೂ ಇರಲಿಲ್ಲ.

ಇಲ್ಲಿಂದ ಆಟದ ಮೇಲಿನ ನನ್ನ ತಕರಾರಿಗೆ ಬರುತ್ತೇನೆ. ಡೋಟಾ ಮಾಡಿದವರಿಗೆ ಸಪೋರ್ಟ್ ಆಟಗಾರರ ಕಷ್ಟ ಗೊತ್ತಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಒಂದು ಕಾಲದಲ್ಲಿ ವಾರ್ಡನ್ನು ಸಪೋರ್ಟ್ ತನ್ನ ಪುಡಿಗಾಸಿನಲ್ಲಿ ಕೊಳ್ಳಬೇಕಿತ್ತು. ತಂಡದ ಸಾಮಾನು ಹೊರುವ ಕತ್ತೆಯನ್ನೂ ಅವನೇ ಕೊಳ್ಳಬೇಕಿತ್ತು. ಈಗ ವಾರ್ಡ್ ಉಚಿತ, ಕತ್ತೆ ಪ್ರತಿಯೊಬ್ಬರಿಗೂ ಒಂದು. ಕಾಡಿನ ಪ್ರಾಣಿಗಳನ್ನು ಕ್ಯಾರಿಗಾಗಿ ಒಂದೆಡೆ ಒಟ್ಟಿಟ್ಟರೆ ಅದರಲ್ಲೂ ಪಾಲು ಸಿಗುತ್ತೆ. ಎಲ್ಲಕ್ಕಿಂತ ದೊಡ್ಡದು, ಗೆದ್ದರೆ ರೇಟಿಂಗ್ ಏರುತ್ತೆ, ಸೋತರೆ ಇಳಿಯುತ್ತೆ. ನೀನೆಷ್ಟು ಜನರನ್ನು ಕೊಂದೆ ಅಂತ ಅಲ್ಲಿ ಯಾರೂ ಕೇಳಲ್ಲ. ಇದು ನಮ್ಮ ಅಪ್ರೈಸಲ್ ಪದ್ಧತಿಗಿಂತ ಎಷ್ಟೋ ಪಾಲು ನ್ಯಾಯವಾದದ್ದು. ಪ್ರಾಜೆಕ್ಟ್ ಗೆದ್ದರೆ ಐವರಿಗೂ ಒಂದೇ ಹೈಕ್ ಕೊಡುವ ಕಂಪನಿ ಇದ್ದರೆ ಹೇಳಿ, ನಾಳೆಯೇ ರೆಸ್ಯೂಮೆ ಕಳಿಸುತ್ತೇನೆ.

ಆದರೆ ಆಟ ಮುಗಿದಮೇಲೆ ಒಂದು ಪರದೆ ಬರುತ್ತೆ. ಕೊಂದದ್ದು, ಸತ್ತದ್ದು, ಕೊಲ್ಲಲು ನೆರವಾದದ್ದು, ಗಳಿಸಿದ ಚಿನ್ನ, ಮಾಡಿದ ಹಾನಿ, ಒಡೆದ ಕಟ್ಟಡ, ಮಾಡಿದ ಶುಶ್ರೂಷೆ. ಎಲ್ಲವೂ ಆದ ಸಂಗತಿಗಳು. ಜನ ರೇಟಿಂಗ್ ಮರೆತು ಈ ಪರದೆಯನ್ನೇ ನೋಡುತ್ತಾರೆ, ಬೈಯುತ್ತಾರೆ, ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಸರಿ, 'ನೆಟ್ಟ ವಾರ್ಡ್ ಎಷ್ಟು' ಅಂತ ಇನ್ನೊಂದು ಕಾಲಂ ಸೇರಿಸಿದರಾಯಿತಲ್ಲ ಅನ್ನಬಹುದು. ಆಗ ಏನಾಗುತ್ತೆ ಅಂತ ಸಾಫ್ಟ್‌ವೇರಿನವರಿಗೆ ಹೇಳಬೇಕಾ? ಕೋಡಿನ ಸಾಲು ಎಣಿಸಿದಾಗ ಸಾಲು ಹೆಚ್ಚಾದವು, ಟಿಕೆಟ್ ಎಣಿಸಿದಾಗ ಒಂದು ಟಿಕೆಟ್ ಮೂರಾಯಿತು. ವಾರ್ಡ್ ಎಣಿಸಿದರೆ ಕೋಟೆಯ ಬಾಗಿಲಲ್ಲೇ ಸಾಲಾಗಿ ಗೂಟ ನೆಟ್ಟು ಕೂರುವವರು ಹುಟ್ಟುತ್ತಾರೆ. ಎಣಿಕೆ ಇಲ್ಲದ್ದು ಸಮಸ್ಯೆ ಅಲ್ಲ. ಒಳ್ಳೆಯ ವಾರ್ಡಿನ ಫಲ 'ಆಗದೇ ಹೋದ ಸಾವು'. ಆಗದ್ದನ್ನು ಎಣಿಸುವುದು ಹೇಗೆ?

ನನ್ನ ನಿಜವಾದ ತಕರಾರು ಪಂದ್ಯಗಳನ್ನು ತೋರಿಸುವ ರೀತಿಯ ಮೇಲೆ. ದೊಡ್ಡ ಪಂದ್ಯಾವಳಿಗಳ ಪ್ರಸಾರದಲ್ಲಿ ನೋಡುಗರಿಗೆ ಸಾಮಾನ್ಯವಾಗಿ ಎರಡೂ ತಂಡದ ಕಣ್ಣು ಒಟ್ಟಿಗೇ ಸಿಗುತ್ತೆ. ಮಂಜೇ ಇಲ್ಲ. ಐವರು ಒಂದು ಕಡೆ ಹೊಂಚು ಹಾಕಿ ನಿಂತಿರುವುದು ನಮಗೆ ಕಾಣುತ್ತೆ, ಇತ್ತ ಒಬ್ಬ ಅದೇ ಕಡೆ ನಡೆದು ಬರುತ್ತಿರುವುದೂ ಕಾಣುತ್ತೆ. ಕೊನೇ ಗಳಿಗೆಯಲ್ಲಿ ಅವನು ತಿರುಗಿ ಹೋದರೆ, 'ಅದೃಷ್ಟ' ಅಂತ ನಮಗನ್ನಿಸುತ್ತೆ. ಅವನ ಸಪೋರ್ಟ್ ಅರ್ಧ ನಿಮಿಷ ಮೊದಲು ಒಂದು ಗೂಟ ನೆಟ್ಟು, 'ಬೇಡ, ವಾಪಸ್ ಬಾ' ಅಂದಿದ್ದ ಅನ್ನುವುದು ನಮ್ಮ ತಲೆಗೆ ಹೋಗಲ್ಲ. ಎಲ್ಲ ಮೊದಲೇ ಗೊತ್ತಿರುವ ನೋಡುಗನಿಗೆ ಗೊತ್ತುಮಾಡಿಸುವವನ ಬೆಲೆ ತಿಳಿಯುವುದು ಹೇಗೆ? 2021ರಲ್ಲಿ ಬುಕಾರೆಸ್ಟ್‌ನಲ್ಲಿ 4 ಕೋಟಿ ಡಾಲರ್ ಬಹುಮಾನದ ಪಂದ್ಯಾವಳಿ ನಡೆಯಿತು. ಇಷ್ಟು ದುಡ್ಡು ಸುರಿಯುವ ಕಡೆ, ಒಂದು ಪಂದ್ಯವನ್ನಾದರೂ ಒಬ್ಬ ಸಪೋರ್ಟ್ ಆಟಗಾರನ ಕಣ್ಣಿನಿಂದ ಮಾತ್ರ, ಅವನ ಮಂಜಿನ ಸಮೇತ, ಶುರುವಿನಿಂದ ಕೊನೇವರೆಗೆ ತೋರಿಸಿ ಅನ್ನುತ್ತೇನೆ. ಆಮೇಲೆ ಯಾರೂ 'ವಾರ್ಡ್ ಎಲ್ಲಪ್ಪಾ' ಅಂತ ಅಷ್ಟು ಸಲೀಸಾಗಿ ಕೇಳಲ್ಲ. ರೀಪ್ಲೇಯಲ್ಲಿ ನಾವೇ ಹಾಗೆ ನೋಡಬಹುದು. ಸಪೋರ್ಟ್ ಕಲಿಯುವವರಿಗೆ ನನ್ನ ಒಂದೇ ಸಲಹೆಯೂ ಅದೇ. ರೀಪ್ಲೇ ಹಾಕಿ, ಎದುರು ತಂಡದ ಕಣ್ಣು ಮುಚ್ಚಿ, ನಿಮಗೆ ಆಗ ಏನು ಕಾಣುತ್ತಿತ್ತೋ ಅಷ್ಟನ್ನೇ ಇಟ್ಟುಕೊಂಡು ನೋಡಿ. ಎಲ್ಲಿ ನೀವು ಬಾಯಿಬಿಡಬೇಕಿತ್ತು ಅನ್ನುವುದು ತಾನಾಗಿ ಗೊತ್ತಾಗುತ್ತೆ.

ಇಷ್ಟೆಲ್ಲ ದೊಡ್ಡದಾಗಿ ಬರೆದವನು ಇನ್ನೊಂದು ಹೇಳಿಬಿಡಬೇಕು. ಇಲ್ಲದಿದ್ದರೆ ಈ ಲೇಖನ ಸುಳ್ಳಾಗುತ್ತೆ.

2020ರ ನವೆಂಬರ್. ಗದ್ದೆ ಕೊಯ್ಲಿಗೆ ಬಂದಿತ್ತು. ನಮ್ಮೂರಲ್ಲಿ ನೆಟ್‌ವರ್ಕ್ ಚೆನ್ನಾಗಿರುವುದು ಬೆಳಗಿನ ಜಾವ. ಐದಕ್ಕೆ ಎದ್ದು, ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಮೊದಲು ಎರಡು ಆಟ ಆಡುವುದು ರೂಢಿಯಾಗಿತ್ತು. ಅಪ್ಪನ ಹತ್ತಿರ ಇದ್ದದ್ದು ಬಟನ್ ಫೋನು. ಆನೆ ಸಂದೇಶ ಬರುವ ವಾಟ್ಸಾಪ್ ಗುಂಪಿನಲ್ಲಿ ಇದ್ದವನು ನಾನು. ಬಂದ ತಕ್ಷಣ ಅಪ್ಪನಿಗೆ ಹೇಳುವುದು ಆ ಮನೆಯಲ್ಲಿ ನನಗಿದ್ದ ಒಂದೇ ಜವಾಬ್ದಾರಿ. ಆವತ್ತು ರ‍್ಯಾಂಕ್ಡ್ ಆಟ, ಫೋನ್ ಸೈಲೆಂಟ್ ಮಾಡಿ ಮಗುಚಿ ಇಟ್ಟಿದ್ದೆ. 42 ನಿಮಿಷದ ಆಟ. ನನ್ನ ಜೀವನದ ಒಳ್ಳೆಯ ಆಟಗಳಲ್ಲಿ ಒಂದು. ಎದುರಾಳಿ ಎಲ್ಲಿಗೆ ಬರುತ್ತಾನೋ ಅಲ್ಲಿ ನನ್ನ ವಾರ್ಡ್. ಮೈಕಿನಲ್ಲಿ 'ಹೋಗಬೇಡ, ಮೂವರಿದ್ದಾರೆ', 'ಎಡಗಡೆ ನೋಡು', 'ಬಾ ಬಾ ಬಾ'. ಗುರುತಿಲ್ಲದ ನಾಲ್ಕು ಜನರ ಪ್ರಾಣ ಎಷ್ಟು ಸಲ ಉಳಿಸಿದೆನೋ.

ಗೆದ್ದು, ಫೋನ್ ಎತ್ತಿದೆ. 5:50ಕ್ಕೆ ಬಂದಿದ್ದ ಸಂದೇಶ. ನಮ್ಮ ಕೆಳಗಿನ ಗದ್ದೆಯ ಪಕ್ಕದ ತೋಟದ ಹೆಸರು. ನಾಲ್ಕು ಆನೆ, ಒಂದು ಮರಿ. ಗಡಿಯಾರದಲ್ಲಿ 6:35. ಅಪ್ಪ 6:10ಕ್ಕೇ ಕೆಳಗಿನ ಗದ್ದೆಗೆ ಹೋಗಿದ್ದರು.

ಅಪ್ಪನ ಫೋನಿಗೆ ಮಾಡಿದೆ. ಅದು ಅಡುಗೆಮನೆಯ ಗೂಡಿನಲ್ಲಿ ರಿಂಗ್ ಆಯಿತು. ಚಪ್ಪಲಿ ಹಾಕಿಕೊಳ್ಳದೆ ಇಳಿಜಾರು ಓಡಿದೆ. ಮಂಜು ಇತ್ತು. ಕೂಗಬೇಕೋ ಬೇಡವೋ ಗೊತ್ತಾಗಲಿಲ್ಲ. ಕೂಗಿದರೆ ಯಾವ ಕಡೆಯಿಂದ ಏನು ತಿರುಗುತ್ತೋ. ಅರ್ಧ ದಾರಿಯಲ್ಲಿ ಅಪ್ಪ ಎದುರು ಬಂದರು, ಕೈಯಲ್ಲಿ ಕತ್ತಿ, ಆರಾಮಾಗಿ. "ತೆವರಿ ಮೇಲೆ ಲದ್ದಿ ಬಿದ್ದೈತೆ ಮಗಾ, ಇನ್ನೂ ಹೊಗೆ ಆಡ್ತಿತ್ತು. ಈಗಷ್ಟೇ ದಾಟವೆ" ಅಂದರು. ಆಮೇಲೆ ನನ್ನ ಬರಿಗಾಲು ನೋಡಿ ಕೇಳಿದರು, "ಫೋನಿಗೆ ಏನೂ ಬಂದಿರ್ಲಿಲ್ವಾ?"

"ನೆಟ್‌ವರ್ಕ್ ಇರ್ಲಿಲ್ಲ ಅಪ್ಪ" ಅಂದೆ.

ಅಪ್ಪ ನಂಬಿದರು. ನಮ್ಮೂರಲ್ಲಿ ಆ ಮಾತನ್ನು ಯಾರಾದರೂ ನಂಬುತ್ತಾರೆ.

ಏನೂ ಆಗಲಿಲ್ಲ. ಆದ್ದರಿಂದ ಆ ಬೆಳಿಗ್ಗೆ ಯಾವ ಲೆಕ್ಕಕ್ಕೂ ಸೇರಲಿಲ್ಲ. ಆ ಆಟದ ಅಂಕಿಅಂಶ ಮಾತ್ರ ಈಗಲೂ ನನ್ನ ಪ್ರೊಫೈಲಿನಲ್ಲಿದೆ, ಗೆಲುವು ಅಂತ ಹಸಿರು ಬಣ್ಣದಲ್ಲಿ. ಕತ್ತಲಲ್ಲಿ ಟಾರ್ಚ್ ಹಿಡಿದು ಜಾಡು ನೋಡಿ, ಹೆಬ್ಬೆರಳಿನಲ್ಲಿ ಆ ನಾಲ್ಕು ಸಾಲು ಕುಟ್ಟಿದವನು ತನ್ನ ವಾರ್ಡನ್ನು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ನೆಟ್ಟಿದ್ದ. ನಕ್ಷೆ ನೋಡದೆ ನಡೆದವನು ನಾನು. ಅಂದರೆ ನಾನು ದಿನಾ ಮೈಕಿನಲ್ಲಿ ಬೈಯುವ ಆ ಕ್ಯಾರಿ ಇದ್ದಾನಲ್ಲ, ಅವನೇ.

ಮರುದಿನ ಅಪ್ಪನಿಗೆ ಒಂದು ಸ್ಮಾರ್ಟ್‌ಫೋನ್ ಕೊಡಿಸಿ ಗುಂಪಿಗೆ ಸೇರಿಸಿದೆ. ಅಮ್ಮನನ್ನೂ ಸೇರಿಸಿದೆ. ಈಗ ನಾನು ಬೆಂಗಳೂರಿನಲ್ಲಿದ್ದರೂ ಆ ಗುಂಪಿಗೆ ಬೇರೆಯೇ ಸದ್ದು ಇಟ್ಟಿದ್ದೇನೆ. ಆಟದ ಮಧ್ಯೆ ಆ ಸದ್ದು ಬಂದರೆ ಎಂಥ ತಂಡ ಜಗಳ ಇದ್ದರೂ ಕೈಬಿಟ್ಟು ನೋಡುತ್ತೇನೆ, ಊರಿಗೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ನಮ್ಮ ಕ್ಯಾರಿ ಸತ್ತಿರುತ್ತಾನೆ. ಮೈಕ್ ಆನ್ ಆಗುತ್ತೆ.

"ಸಪೋರ್ಟ್, ವಾರ್ಡ್ ಎಲ್ಲಪ್ಪಾ?"

"ಸಾರಿ ಗುರು, ಬೇರೆ ಕಡೆ ಇಡ್ತಿದ್ದೆ" ಅನ್ನುತ್ತೇನೆ. ಅಪ್ಪನಿಗೆ ಮಾತ್ರ ಆವತ್ತಿನ ನಿಜ ಇನ್ನೂ ಹೇಳಿಲ್ಲ. ಈ ಪುಸ್ತಕ ಮನೆಗೆ ಬಂದರೆ ಅವರು ಓದುತ್ತಾರೆ.